ಉಳಿದ ಒಂದು ಸೆಕೆಂಡು

ಗಡಿಯಾರ ಸೊನ್ನೆ ತೋರಿಸುತ್ತಿದೆ. 87,451 ಆಸನಗಳ ಕ್ರೀಡಾಂಗಣದಲ್ಲಿ ಒಬ್ಬರೂ ಜಾಗ ಬಿಟ್ಟು ಕದಲುತ್ತಿಲ್ಲ.

ನೀವು ಮೇಲಿನ ಅಂತಸ್ತಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತಿದ್ದೀರಿ. ಮಧ್ಯಾಹ್ನದಿಂದ ನಿಂತೇ ಇರುವುದರಿಂದ ಮೊಣಕಾಲು ಮರಗಟ್ಟಿದೆ. ಬೆಳಿಗ್ಗೆ ಹೊರಗಿನ ಬಯಲಲ್ಲಿ ಮಾಂಸ ಸುಡುತ್ತಿದ್ದವರ ಇದ್ದಿಲಿನ ಹೊಗೆ ಇನ್ನೂ ನಿಮ್ಮ ಜಾಕೆಟ್ಟಿನಲ್ಲಿದೆ. ಪಕ್ಕದಲ್ಲಿ ನಿಂತ ಹಿರಿಯರ ಉಸಿರಿನಲ್ಲಿ ಬರ್ಬನ್ ಘಾಟು. ಅವರು ಒಂದು ಕಿವಿಗೆ ಪುಟ್ಟ ರೇಡಿಯೊ ಒತ್ತಿಕೊಂಡು ಇನ್ನೊಂದನ್ನು ಅಂಗೈಯಿಂದ ಮುಚ್ಚಿದ್ದಾರೆ. ನಿಮ್ಮ ಕೈಯಲ್ಲಿ ಕಿತ್ತಳೆ-ನೀಲಿ ಎಳೆಗಳ ಕುಚ್ಚು, ಅದರ ಹಿಡಿ ಬೆವರಿಗೆ ಜಾರುತ್ತಿದೆ. ಕತ್ತಲಾಗಿ ಗಾಳಿ ತಣ್ಣಗೆ ಬೀಸುತ್ತಿದೆ, ಆದರೂ ಬೆವರು ನಿಂತಿಲ್ಲ. ಕೂಗಿ ಕೂಗಿ ಗಂಟಲು ಎಷ್ಟು ಒಡೆದಿದೆಯೆಂದರೆ ಉಗುಳು ನುಂಗಲೂ ಭಯ.

2013ರ ನವೆಂಬರ್ 30, ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ಊರು. ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಆಬರ್ನ್ ವಿಶ್ವವಿದ್ಯಾಲಯ 28, ಅಲಬಾಮಾ ವಿಶ್ವವಿದ್ಯಾಲಯ 28. ಹೆಚ್ಚುವರಿ ಆಟಕ್ಕೆ ಹೋಗಬೇಕು. ಹೋಗಲಿ, ಉಸಿರಾಡಲು ಐದು ನಿಮಿಷವಾದರೂ ಸಿಗುತ್ತದೆ ಅಂದುಕೊಳ್ಳುತ್ತೀರಿ.

ಕೆಳಗೆ ಒಬ್ಬರು ಮಾತ್ರ ಬೇರೆ ಯೋಚನೆಯಲ್ಲಿದ್ದಾರೆ. ಅಲಬಾಮಾ ಕೋಚ್ ನಿಕ್ ಸೇಬನ್ ಗೆರೆಯ ಪಕ್ಕ ನಿಂತು ಅಂಪೈರುಗಳ ಮೇಲೆ ಹರಿಹಾಯುತ್ತಿದ್ದಾರೆ. ಅವರ ಹುಡುಗ ಟಿ.ಜೆ. ಯೆಲ್ಡನ್ ಚೆಂಡು ಹಿಡಿದು 24 ಯಾರ್ಡ್ ಓಡಿ, ಆಬರ್ನಿನ 38 ಯಾರ್ಡ್ ಗೆರೆಯ ಹತ್ತಿರ ಮೈದಾನದಾಚೆ ಕಾಲಿಟ್ಟ. ಕಾಲಿಟ್ಟಾಗ ಗಡಿಯಾರದಲ್ಲಿ ಇನ್ನೂ ಒಂದು ಸೆಕೆಂಡು ಇತ್ತು, ಅದನ್ನು ವಾಪಸು ಕೊಡಿ ಎಂಬುದು ಅವರ ಪಟ್ಟು. ಅಂಪೈರುಗಳು ವೀಡಿಯೊ ನೋಡಲು ಹೋಗುತ್ತಾರೆ.

ಒಂದು ಸೆಕೆಂಡಿಗಾಗಿ ಇಷ್ಟು ಜಗಳವಾಡುವ ಮನುಷ್ಯನನ್ನು ನೋಡುತ್ತಾ ನಿಮ್ಮ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ. ಸೇಬನ್ ಸುಮ್ಮನೆ ಏನನ್ನೂ ಕೇಳುವವರಲ್ಲ. 2009, 2011, 2012, ಮೂರು ವರ್ಷವೂ ರಾಷ್ಟ್ರೀಯ ಪ್ರಶಸ್ತಿ ಅವರದು. ಈ ವರ್ಷ ಇಲ್ಲಿಯತನಕ ಆಡಿದ 11 ಪಂದ್ಯಗಳನ್ನೂ ಗೆದ್ದು ದೇಶಕ್ಕೇ ಮೊದಲ ಸ್ಥಾನದಲ್ಲಿದ್ದಾರೆ. ವರ್ಷಕ್ಕೆ 50 ಲಕ್ಷ ಡಾಲರಿಗೂ ಹೆಚ್ಚು ಸಂಬಳ. ಅವರು ಆಡಿಸುವ ಹುಡುಗರಿಗೆ ವಿದ್ಯಾರ್ಥಿವೇತನ, ಊಟ, ಹಾಸ್ಟೆಲ್ ಬಿಟ್ಟರೆ 2013ರ ನಿಯಮದ ಪ್ರಕಾರ ಸಂಬಳವಿಲ್ಲ. ಈ ಲೆಕ್ಕ ಇಲ್ಲಿ ಕೂಗುತ್ತಿರುವ ಎಲ್ಲರಿಗೂ ಗೊತ್ತು. ಆಟದ ದಿನ ಯಾರೂ ಅದನ್ನು ಎತ್ತುವುದಿಲ್ಲ, ನೀವೂ ಎತ್ತಿಲ್ಲ.

ಈ ರಾಜ್ಯದಲ್ಲಿ ದೊಡ್ಡ ವೃತ್ತಿಪರ ಫುಟ್‌ಬಾಲ್ ತಂಡವೇ ಇಲ್ಲ. ಜನರ ಪಾಲಿಗೆ ಇರುವುದು ಈ ಎರಡು ಕಾಲೇಜು. 1893ರಲ್ಲಿ ಶುರುವಾದ ಪೈಪೋಟಿ, ನಡುವೆ 1907ರಿಂದ 1948ರವರೆಗೆ ಆಟವನ್ನೇ ನಿಲ್ಲಿಸುವಷ್ಟು ಮನಸ್ತಾಪ. ಮುಂದೆ ದಶಕಗಳ ಕಾಲ ಉಕ್ಕಿನ ಊರು ಬರ್ಮಿಂಗ್‌ಹ್ಯಾಮಿನಲ್ಲಿ ಆಡಿದ್ದರಿಂದ ಐರನ್ ಬೌಲ್ ಎಂಬ ಹೆಸರು ನಿಂತಿತು. ಒಂದೇ ಮನೆಯಲ್ಲಿ ಅಣ್ಣ ಆ ಕಡೆ, ತಂಗಿ ಈ ಕಡೆ. ಸೋತ ಮನೆಯಲ್ಲಿ ಮುಂದಿನ ನವೆಂಬರಿನವರೆಗೂ ಅದೇ ಮಾತು.

ಹೋದ ವರ್ಷ ಸೋತದ್ದು ನೀವು, ಆಬರ್ನಿನವರು, ಅದೂ 49–0. ಆ ಸಾಲಿನಲ್ಲಿ ಆಬರ್ನ್ ಆಡಿದ 12 ಪಂದ್ಯಗಳಲ್ಲಿ ಗೆದ್ದದ್ದು 3. ಎರಡೇ ವರ್ಷದ ಹಿಂದೆ, 2010ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ತಂದಿದ್ದ ಕೋಚ್ ಜೀನ್ ಚಿಜಿಕ್ ಅವರನ್ನು ಆ ಸೋಲಿನ ಮರುದಿನವೇ ಮನೆಗೆ ಕಳಿಸಿದರು. ಬಂದವರು ಗಸ್ ಮಾಲ್ಜಾನ್. ಹೊಸಬರೇನಲ್ಲ, 2010ರ ತಂಡದ ಆಕ್ರಮಣ ವಿಭಾಗ ಅವರ ಕೈಯಲ್ಲೇ ಇತ್ತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಅರ್ಕಾನ್ಸಾ ರಾಜ್ಯದಲ್ಲಿ ಹೈಸ್ಕೂಲ್ ಹುಡುಗರಿಗೆ ಆಟ ಕಲಿಸಿದವರು. ಎದುರಾಳಿ ಉಸಿರು ತೆಗೆದುಕೊಳ್ಳುವ ಮುಂಚೆ ಮುಂದಿನ ದಾಳಿ, ಅದು ಅವರ ಪದ್ಧತಿ. ಹುಡುಗರು ಬಹುಪಾಲು ಹೋದ ವರ್ಷ ಸೋತವರೇ. ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವವ) ನಿಕ್ ಮಾರ್ಷಲ್ ಮಾತ್ರ ಹೊಸಬ. ಜಾರ್ಜಿಯಾ ವಿಶ್ವವಿದ್ಯಾಲಯದವರು ತಂಡದಿಂದ ತೆಗೆದಿದ್ದ ಹುಡುಗ, ಅಲ್ಲಿ ರಕ್ಷಣೆಯಲ್ಲಿ ಆಡುತ್ತಿದ್ದವನು. ಕಾನ್ಸಸ್ ರಾಜ್ಯದ ಒಂದು ಪುಟ್ಟ ಕಾಲೇಜಿನಿಂದ ಅವನನ್ನು ಕರೆತಂದು ಇಡೀ ತಂಡವನ್ನು ಅವನ ಕೈಗೆ ಕೊಟ್ಟರು. ಯಾರು ಎಲ್ಲಿ ನಿಂತರೆ ಏನಾದಾನು ಎಂದು ಕಾಣುವ ಕಣ್ಣು ಕೋಚಿಗೆ ಇರಬೇಕು. ನನಗೆ ಮಾಲ್ಜಾನ್ ಮೇಲೆ ನಂಬಿಕೆ ಬಂದದ್ದು ಇಲ್ಲಿ.

ಈಗ 10 ಗೆಲುವು, 1 ಸೋಲು, ದೇಶದಲ್ಲಿ ನಾಲ್ಕನೇ ಸ್ಥಾನ. ಎರಡು ವಾರದ ಕೆಳಗೆ ಇದೇ ಮೈದಾನದಲ್ಲಿ ಜಾರ್ಜಿಯಾ ವಿರುದ್ಧ ಕೊನೆಯ ಪ್ರಯತ್ನ, 18 ಯಾರ್ಡ್ ಬೇಕಿತ್ತು. ಮಾರ್ಷಲ್ ಎಸೆದ ಚೆಂಡು ಎದುರಾಳಿಯ ಕೈಗೆ ತಾಗಿ ಚಿಮ್ಮಿ ಆಬರ್ನಿನ ರಿಕಾರ್ಡೊ ಲೂಯಿಸ್ ತೆಕ್ಕೆಗೆ ಬಿತ್ತು, 73 ಯಾರ್ಡ್ ಟಚ್‌ಡೌನ್, ಅಂದರೆ ಚೆಂಡು ಹಿಡಿದು ಕೊನೆಯ ಗೆರೆ ದಾಟಿ ಆರು ಅಂಕ. ಅಂಥದ್ದೊಂದು ಒಮ್ಮೆ ಆದ ಮೇಲೆ ಇನ್ನೇನನ್ನೂ ಕೇಳಬಾರದು ಎಂದು ಇವತ್ತು ಮನೆಯಿಂದ ಹೊರಡುವಾಗ ನೀವೇ ಅಂದುಕೊಂಡಿದ್ದಿರಿ.

ಆದರೆ ಬೇಡುತ್ತಲೇ ಇದ್ದೀರಿ. ಎರಡನೇ ಕ್ವಾರ್ಟರಿನಲ್ಲಿ 21–7 ಹಿಂದೆ ಬಿದ್ದಾಗ ಬೇಡಿದಿರಿ. ಕೊನೆಯ ಕ್ವಾರ್ಟರಿನಲ್ಲಿ ಅಲಬಾಮಾವನ್ನು ಅದರದೇ ಒಂದು ಯಾರ್ಡ್ ಗೆರೆಯ ಮೇಲೆ ಕಟ್ಟಿಹಾಕಿದಾಗ, ಇನ್ನೇನು ಸಿಕ್ಕಿಬಿದ್ದರು ಎಂದು ಕೂಗುತ್ತಿರುವಾಗಲೇ ಅವರ ಕ್ವಾರ್ಟರ್‌ಬ್ಯಾಕ್ ಎ.ಜೆ. ಮೆಕ್ಯಾರನ್ ಎಸೆದ ಚೆಂಡನ್ನು ಅಮಾರಿ ಕೂಪರ್ ಹಿಡಿದು 99 ಯಾರ್ಡಿನ ಟಚ್‌ಡೌನ್ ಮುಗಿಸಿದ. ಆಗ ನೀವು ಕೂತುಬಿಟ್ಟಿರಿ. ಇವತ್ತು ಕೂತದ್ದು ಆ ಒಂದು ಸಲ.

ಅಲಬಾಮಾ ಕೈಯಲ್ಲಿ ಆಟ ಮುಗಿಸುವ ದಾರಿ ಇತ್ತು. ಐದೂವರೆ ನಿಮಿಷ ಉಳಿದಿತ್ತು, ಅಂಕ 28–21, ಚೆಂಡು ಆಬರ್ನಿನ 13 ಯಾರ್ಡ್ ಗೆರೆಯಲ್ಲಿ. ನಾಲ್ಕನೇ, ಅಂದರೆ ಕೊನೆಯ ಪ್ರಯತ್ನ, ಚೆಂಡು ತಮ್ಮ ಕೈಯಲ್ಲೇ ಉಳಿಯಲು ಒಂದೇ ಯಾರ್ಡ್ ಬೇಕು. ಅಲ್ಲಿಂದ ಚೆಂಡನ್ನು ಕಂಬಗಳ ನಡುವೆ ಒದ್ದರೆ 3 ಅಂಕ, ಅಂತರ ಹತ್ತಾಗುತ್ತದೆ. ಸೇಬನ್ ಒದೆಸಲಿಲ್ಲ. ಒದೆಯುವ ಹುಡುಗ ಕೇಡ್ ಫಾಸ್ಟರ್ ಅಷ್ಟರಲ್ಲಿ ಎರಡು ಸಲ ತಪ್ಪಿದ್ದ, 44 ಯಾರ್ಡಿನಿಂದ ಒಮ್ಮೆ, 33ರಿಂದ ಒಮ್ಮೆ. ಚೆಂಡನ್ನು ಯೆಲ್ಡನ್ ಕೈಗೆ ಕೊಟ್ಟು ನುಗ್ಗಿಸಿದರು. ಆಬರ್ನ್ ಹುಡುಗರು ಒಟ್ಟಿಗೇ ಬಿದ್ದು ಅವನನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಅಲಬಾಮಾಗೆ ಮತ್ತೆ 44 ಯಾರ್ಡಿನ ಅವಕಾಶ ಸಿಕ್ಕಿತು. ಈ ಸಲ ಫಾಸ್ಟರನ್ನು ಕಳಿಸಿದರು. ಅವನು ಒದ್ದದ್ದನ್ನು ಆಬರ್ನಿನವರು ನೆಗೆದು ತಡೆದರು. ಮೇಲಿನಿಂದ ನಿಮಗೆ ಅವನ ಮುಖ ಕಾಣಲಿಲ್ಲ. ಹೆಲ್ಮೆಟ್ಟಿನ ಕೊಕ್ಕೆ ಬಿಚ್ಚುತ್ತಾ ಅವನು ಬೆಂಚಿನ ಕಡೆ ನಡೆದ ಬಗೆ ಕಂಡಿತು. ಪಕ್ಕಕ್ಕೆ ಯಾರೂ ಬರಲಿಲ್ಲ. ನೀವು ಮಾತ್ರ ಕೇಕೆ ಹಾಕುತ್ತಿದ್ದಿರಿ.

ಆಮೇಲಿನದು ನಿಮ್ಮ ಮೈಯನ್ನೆಲ್ಲ ಇನ್ನೂ ಜುಮ್ಮೆನ್ನಿಸುತ್ತಿದೆ. ಆಬರ್ನಿನ ಟ್ರೇ ಮೇಸನ್ ಓಟದ ಮೇಲೆ ಓಟ, ಒಂದೊಂದಕ್ಕೂ ಎಂಟು ಯಾರ್ಡ್, ಆರು ಯಾರ್ಡ್. ಇವತ್ತು ಅವನೊಬ್ಬನೇ 164 ಯಾರ್ಡ್ ಓಡಿದ್ದಾನೆ. 39 ಯಾರ್ಡ್ ದೂರದಲ್ಲಿ ಮಾರ್ಷಲ್ ಚೆಂಡು ಇಟ್ಟುಕೊಂಡು ಎಡಕ್ಕೆ ಓಡುವವನ ಹಾಗೆ ಹೊರಟ. ಅಲಬಾಮಾದ ಕಾವಲಿನ ಹುಡುಗ ಅವನನ್ನು ಹಿಡಿಯಲು ಮುಂದೆ ಬಂದ. ಚೆಂಡು ಎಸೆಯಲು ಅವಕಾಶವಿರುವ ಗೆರೆ ದಾಟಲು ಒಂದು ಹೆಜ್ಜೆ ಇರುವಾಗ ಮಾರ್ಷಲ್ ಮಣಿಕಟ್ಟು ಆಡಿಸಿದ. ಆ ಕಾವಲಿನವನ ಹಿಂದೆ ಚೆಂಡು ಹಿಡಿದ ಆಬರ್ನಿನ ಸ್ಯಾಮಿ ಕೋಟ್ಸ್ ಸುತ್ತ ಒಬ್ಬರೂ ಇರಲಿಲ್ಲ. 28–28, ಉಳಿದದ್ದು 32 ಸೆಕೆಂಡು.

ಹಿರಿಯರು ರೇಡಿಯೊ ಇನ್ನಷ್ಟು ಒತ್ತಿ ಹಿಡಿದು ನಿಮ್ಮ ಕಡೆ ತಿರುಗುತ್ತಾರೆ. ಒಂದು ಬೆರಳು ಎತ್ತಿ ತೋರಿಸುತ್ತಾರೆ. ಸೆಕೆಂಡು ವಾಪಸು ಕೊಟ್ಟಿದ್ದಾರೆ.

ಒಂದು ಸೆಕೆಂಡಿನಲ್ಲಿ ಸೇಬನ್ ಏನು ಮಾಡಬಹುದು? ಮೆಕ್ಯಾರನ್ ಕೈಯಲ್ಲಿ ಚೆಂಡನ್ನು ಆಕಾಶಕ್ಕೆ ಎಸೆಯಿಸಬಹುದು, ಯಾರ ಕೈಗೆ ಬೀಳುತ್ತದೋ ದೇವರೇ ಬಲ್ಲ. ಚೆಂಡು ಹಿಡಿದು ಮಂಡಿಯೂರಿ ಹೆಚ್ಚುವರಿ ಆಟಕ್ಕೆ ಹೋಗಬಹುದು. ಇಲ್ಲವೇ 57 ಯಾರ್ಡಿನಿಂದ, ಅಂದರೆ ಸುಮಾರು 52 ಮೀಟರ್ ದೂರದಿಂದ, ಒದೆಸಬಹುದು. ಅವರು ಒದೆಸುತ್ತಾರೆ. ಫಾಸ್ಟರ್ ಬರುವುದಿಲ್ಲ, ಆಡಮ್ ಗ್ರಿಫಿತ್ ಬರುತ್ತಾನೆ.

ಗ್ರಿಫಿತ್ ತಂಡಕ್ಕೆ ಇನ್ನೂ ಎಳೆಯ. ಪೋಲೆಂಡಿನ ಅನಾಥಾಲಯದಲ್ಲಿ ಬೆಳೆದು, 13ನೇ ವಯಸ್ಸಿಗೆ ಜಾರ್ಜಿಯಾದ ಒಂದು ಕುಟುಂಬಕ್ಕೆ ದತ್ತು ಬಂದವನು. ಅಲ್ಲಿಂದ ಇಲ್ಲಿಗೆ ಬಂದು ನಿಂತಿದ್ದಾನೆ, ಇಷ್ಟು ಜನ ಒಟ್ಟಿಗೆ ಅವನು ತಪ್ಪಲಿ ಎಂದು ಕೂಗುತ್ತಿರುವ ಮೈದಾನಕ್ಕೆ.

ತಂಡಗಳು ಎದುರುಬದುರಾಗುತ್ತವೆ. ಆಬರ್ನ್ ಕಡೆ ಹಿಂದೆ ಕಂಬದ ಬುಡದಲ್ಲಿ ರಯನ್ ಸ್ಮಿತ್ ನಿಂತಿದ್ದಾನೆ. ಒದೆತ ಗಿಡ್ಡವಾದರೆ ಅದನ್ನು ಹಿಡಿದು ಓಡಲು ನಿಯಮದಲ್ಲಿ ಅವಕಾಶವಿದೆ. ಹಾಗೆ ಆಗುವುದು ತೀರಾ ಅಪರೂಪ, ಆದ್ದರಿಂದ ಅಲ್ಲಿ ಯಾರು ನಿಂತಿದ್ದಾರೆ ಎಂದು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ.

ಸೀಟಿ. ಮಾಲ್ಜಾನ್ ಟೈಮ್‌ಔಟ್ ಕೇಳಿದ್ದಾರೆ.

ನಿಮ್ಮ ಸುತ್ತಲಿನವರು ಇದು ಒದೆಯುವವನ ಎದೆ ನಡುಗಿಸಲಿಕ್ಕೆ ಅನ್ನುತ್ತಾರೆ. ಅದೂ ಇರಬಹುದು. ಆದರೆ ಸಾಲು ಮತ್ತೆ ಕೂಡಿದಾಗ ನೀವು ಬಗ್ಗಿ ಆ ತುದಿಗೆ ಕಣ್ಣು ಹಾಯಿಸುತ್ತೀರಿ. ಸ್ಮಿತ್ ಇಲ್ಲ. ಕಡುನೀಲಿ ಜರ್ಸಿ, ಬೆನ್ನ ಮೇಲೆ 11. ಕ್ರಿಸ್ ಡೇವಿಸ್. ಕೊನೆಯ ವರ್ಷದ ವಿದ್ಯಾರ್ಥಿ, ಬರ್ಮಿಂಗ್‌ಹ್ಯಾಮಿನ ಹುಡುಗ. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಹಿಡಿದು ಓಡುವುದೇ ಅವನ ಕಸುಬು. ಇದೇ ತಿಂಗಳು ಟೆನೆಸಿ ವಿರುದ್ಧ 85 ಯಾರ್ಡ್ ಓಡಿ ಟಚ್‌ಡೌನ್ ಮಾಡಿದವನು. ಕಂಬದ ಹಿಂದಿನ ಗೆರೆಗೆ ಒಂದು ಹೆಜ್ಜೆ ಅಂತರದಲ್ಲಿ ಅವನೊಬ್ಬನೇ ನಿಂತಿದ್ದಾನೆ.

ಇನ್ನು ಅಲಬಾಮಾ ಸಾಲು ನೋಡಿ. ಒದೆತಕ್ಕೆ ಅಡ್ಡ ಬರುವವರನ್ನು ತಡೆಯಲು ತಂಡದ ದೈತ್ಯರನ್ನೇ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಿಸುತ್ತಾರೆ. ಅವರು ಗೋಡೆ ಕಟ್ಟಲು ಬಂದವರು, ಬೆನ್ನಟ್ಟಿ ಓಡುವ ಮೈಕಟ್ಟು ಅವರದಲ್ಲ. ಚುರುಕು ಕಾಲಿನವರೆಲ್ಲ ಬೆಂಚಿನ ಹತ್ತಿರ ನಿಂತು ನೋಡುತ್ತಿದ್ದಾರೆ. ಇಷ್ಟೆಲ್ಲ ನಿಮಗೆ ಒಂದೇ ಉಸಿರಿಗೆ ಹೊಳೆಯುತ್ತದೆ. ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿಯುತ್ತದೆ. ಹಿರಿಯರ ತೋಳು ಹಿಡಿದುಕೊಂಡಿದ್ದೀರಿ, ಯಾವಾಗ ಹಿಡಿದಿರೋ ಗೊತ್ತಿಲ್ಲ.

ಚೆಂಡು ಹಿಂದಕ್ಕೆ ಬರುತ್ತದೆ. ಅಲಬಾಮಾದ ಕೋಡಿ ಮ್ಯಾಂಡೆಲ್ ಅದನ್ನು ನೆಲಕ್ಕೆ ಊರುತ್ತಾನೆ. ಗ್ರಿಫಿತ್ ಕಾಲು ಬೀಸುತ್ತಾನೆ. ನೀವಿರುವ ಎತ್ತರಕ್ಕೆ ಕಾಲು ಬೀಸಿದ್ದು ಮೊದಲು ಕಾಣುತ್ತದೆ, ದಪ್ಪನೆಯ ಸದ್ದು ಆಮೇಲೆ ಬರುತ್ತದೆ. ಚೆಂಡು ಏರುತ್ತದೆ. ನೇರವಾಗಿದೆ. ಅಯ್ಯೋ, ನೇರವಾಗೇ ಇದೆ. ದೀಪದ ಬೆಳಕಿನಲ್ಲಿ ತಿರುಗುತ್ತಾ ಕಂಬಗಳ ಕಡೆಗೇ ಬರುತ್ತಿದೆ. ಆಮೇಲೆ ಕಸುವು ತೀರುತ್ತದೆ. ಸ್ವಲ್ಪ ಬಲಕ್ಕೆ ವಾಲುತ್ತದೆ, ಇಳಿಯುತ್ತದೆ.

ಡೇವಿಸ್ ಎರಡೂ ಕೈ ಚಾಚಿ ಹಿಡಿಯುತ್ತಾನೆ.

ಆ ಜಾಗದಲ್ಲೇ ಮಂಡಿಯೂರಿದರೆ ಸಾಕು, ಹೆಚ್ಚುವರಿ ಆಟ, ಯಾವ ಅಪಾಯವೂ ಇಲ್ಲ. ಓಡಿದರೆ ಚೆಂಡು ಕೈ ಜಾರಬಹುದು, ಎದುರಾಳಿ ಎತ್ತಿಕೊಳ್ಳಬಹುದು, ಇಡೀ ವರ್ಷ ಮಣ್ಣುಪಾಲಾಗಬಹುದು. ಇದನ್ನು ತೀರ್ಮಾನಿಸಲು ಅವನಿಗೆ ಸಿಕ್ಕಿದ್ದು ಒಂದು ಹೆಜ್ಜೆ ಇಡುವಷ್ಟು ಹೊತ್ತು. ಆ ಹೆಜ್ಜೆ ಮುಂದಕ್ಕೇ ಬೀಳುತ್ತದೆ.

ಹತ್ತು ಯಾರ್ಡ್. ನಡುವೆ ನುಗ್ಗುತ್ತಾನೆ, ತಟ್ಟನೆ ಎಡಕ್ಕೆ ಹೊರಳುತ್ತಾನೆ. ಅಲಬಾಮಾದ ಬಿಳಿ ಜರ್ಸಿಯವರು ತಡವಾಗಿ ತಿರುಗುತ್ತಾರೆ. ಇಪ್ಪತ್ತು. ನೀಲಿ ಜರ್ಸಿಯೊಂದು ಬಿಳಿಯದನ್ನು ಗುದ್ದಿ ಬೀಳಿಸುತ್ತದೆ, ಇನ್ನೊಂದು, ಮತ್ತೊಂದು. ಎಡಗೆರೆಯ ಅಂಚು. ಮೂವತ್ತು. ಗೆರೆ ತುಳಿಯಬೇಡ, ತುಳಿಯಬೇಡ ಕಣೋ! ನಲವತ್ತು. ಮ್ಯಾಂಡೆಲ್ ಅಡ್ಡ ಬರುತ್ತಾನೆ, ಮೈ ಎಸೆಯುತ್ತಾನೆ, ಸಿಗುವುದಿಲ್ಲ. ಐವತ್ತು. ಮುಂದೆ ಯಾರೂ ಇಲ್ಲ.

ಯಾರೂ ಇಲ್ಲ.

ನೀವು ಕೂಗುತ್ತಿದ್ದೀರಾ? ನಿಮ್ಮ ದನಿ ನಿಮಗೇ ಕೇಳುವುದಿಲ್ಲ. ಕಾಲ ಕೆಳಗಿನ ಕಾಂಕ್ರೀಟು ಅದುರುತ್ತಿದೆ. ಮುಂದಿನ ಸಾಲಿನ ಹೆಂಗಸು ಹಿಂದಕ್ಕೆ ತಿರುಗಿ ನಿಮ್ಮ ಎದೆಗೆ ಮುಖ ಒತ್ತಿ ಅಳುತ್ತಿದ್ದಾಳೆ, ನೋಡಲು ಧೈರ್ಯವಿಲ್ಲ ಅವಳಿಗೆ. ಡೇವಿಸ್ ಗೆರೆ ದಾಟುತ್ತಾನೆ. ಒಂದು ತುದಿಯಿಂದ ಇನ್ನೊಂದು ತುದಿಗೆ 109 ಯಾರ್ಡ್. ದಾಖಲೆಯ ನಿಯಮದಲ್ಲಿ 100 ಎಂದೇ ಬರೆಯುತ್ತಾರೆ, ಆದರೆ ಓಡಿದ ಕಾಲಿಗೆ ಒಂಬತ್ತು ಯಾರ್ಡ್ ಬಿಟ್ಟುಕೊಡಲು ನಾನು ತಯಾರಿಲ್ಲ. 34–28.

ಹಿರಿಯರ ಕೈಯಿಂದ ರೇಡಿಯೊ ಬಿದ್ದಿದೆ. ಅದರೊಳಗೆ ಆಬರ್ನಿನ ವೀಕ್ಷಕ ವಿವರಣೆಗಾರ ರಾಡ್ ಬ್ರ್ಯಾಂಬ್ಲೆಟ್ ದನಿ ಬಿರಿಯುವ ಹಾಗೆ ಕೂಗುತ್ತಿದ್ದಾರೆ. ಎತ್ತಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ಕೆಳಗಿನ ಸಾಲುಗಳಿಂದ ಜನ ಅಂಚಿನ ಪೊದೆಗಳ ಮೇಲೆ ಬಿದ್ದು, ಪರಚಿಕೊಂಡು, ಮೈದಾನಕ್ಕೆ ಧುಮುಕುತ್ತಿದ್ದಾರೆ. ಹಸಿರು ಕಾಣದಾಗುತ್ತದೆ. ಆ ತುದಿಯಲ್ಲಿ ನೀಲಿ ಜರ್ಸಿಗಳ ರಾಶಿ, ಅದರ ಅಡಿಯಲ್ಲಿ ಎಲ್ಲೋ ಡೇವಿಸ್ ಇದ್ದಾನೆ. ಅವನಿಗೆ ಉಸಿರಾಡಲು ಬಿಡಿ, ಏಳಿ ಮೇಲೆ, ಎಂದು ಇಷ್ಟು ಎತ್ತರದಿಂದ ನೀವು ಕೂಗುತ್ತೀರಿ.

ಹೊರಗೆ ಟೂಮರ್ಸ್ ಕಾರ್ನರ್ ಕಡೆ ಇಡೀ ಊರೇ ಹರಿಯುತ್ತದೆ. ಗೆದ್ದ ದಿನ ಅಲ್ಲಿನ ಎರಡು ಓಕ್ ಮರಗಳಿಗೆ ಟಾಯ್ಲೆಟ್ ಪೇಪರ್ ಸುರುಳಿ ಎಸೆದು ಬಿಳಿ ಮಾಡುವುದು ವಾಡಿಕೆ. 2010ರ ಐರನ್ ಬೌಲ್ ನಂತರ ಅಲಬಾಮಾ ಅಭಿಮಾನಿಯೊಬ್ಬ ಆ ಮರಗಳ ಬುಡಕ್ಕೆ ವಿಷ ಸುರಿದ. ಈ ಏಪ್ರಿಲಿನಲ್ಲಿ ಕಡಿದುಹಾಕಬೇಕಾಯಿತು. ಇವತ್ತು ಜನ ತಂತಿಗೆ, ದೀಪದ ಕಂಬಕ್ಕೆ, ಕೈಗೆ ಸಿಕ್ಕಿದ್ದಕ್ಕೆ ಎಸೆಯುತ್ತಿದ್ದಾರೆ.

ಅಭಿಮಾನ ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಆ ಮರಗಳೊಂದೇ ಸಾಕ್ಷಿಯಲ್ಲ. ಅದೇ ರಾತ್ರಿ ಕೇಡ್ ಫಾಸ್ಟರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳದ ಮಳೆ, ಕೊಲೆ ಬೆದರಿಕೆ. ಬೈದವರಲ್ಲಿ ಅವನದೇ ತಂಡದ ಅಭಿಮಾನಿಗಳೆಂದು ಹೇಳಿಕೊಳ್ಳುವವರಿದ್ದರು. ಕಾಲೇಜು ಹುಡುಗ, ಸೋಮವಾರ ತರಗತಿಗೆ ಹೋಗಬೇಕಾದವನು. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸ್ವಂತ ಕೈಬರಹದಲ್ಲಿ ಅವನಿಗೆ ಧೈರ್ಯದ ಪತ್ರ ಕಳಿಸಿದರು. ನನಗೆ ಸಿಟ್ಟು ಬರುವುದು ಇದಕ್ಕೇ: 33 ಯಾರ್ಡಿನಿಂದ ತಪ್ಪಿದ್ದು ಹುಡುಗನ ಕಾಲು, ಸರಿ. ಒಂದು ಸೆಕೆಂಡು ಕೇಳಿದ್ದು, 57 ಯಾರ್ಡಿನಿಂದ ಒದೆಸಿದ್ದು, ಓಡಬಲ್ಲವರನ್ನು ಬೆಂಚಿನಲ್ಲಿ ಬಿಟ್ಟದ್ದು ಕೋಚ್. ಕೋಚಿನ ಲೆಕ್ಕ ತಪ್ಪಿದ ದಿನವೂ ಬೈಗುಳ ಹೋಗಿ ಬಿದ್ದದ್ದು ಸಂಬಳವಿಲ್ಲದ ಹುಡುಗನ ಹೆಗಲ ಮೇಲೆ.

ಸೋಲಿನ ಭಾರ ಡೇವಿಸ್ ಹೆಗಲನ್ನೂ ಬಿಡುವುದಿಲ್ಲ. ಐದು ವಾರ ಕಳೆದು, 2014ರ ಜನವರಿ 6ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ. ಫ್ಲಾರಿಡಾ ಸ್ಟೇಟ್ ವಿರುದ್ಧ ಆಬರ್ನ್ 21–3 ಮುಂದಿದ್ದು, ಕೊನೆಗೆ 34–31 ಸೋಲುತ್ತದೆ. 13 ಸೆಕೆಂಡು ಇರುವಾಗ ಗೆಲುವಿನ ಚೆಂಡು ಹಿಡಿದ ಕೆಲ್ವಿನ್ ಬೆಂಜಮಿನ್ ಎದುರು, ತನಗಿಂತ ಎಷ್ಟೋ ಎತ್ತರದವನ ಎದುರು, ಕಾವಲಿಗೆ ನಿಂತಿದ್ದವನು ಇದೇ 11ನೇ ನಂಬರಿನವನು.

ಇನ್ನೊಂದು ರಾತ್ರಿಗೆ ಬನ್ನಿ. 2016ರ ಜನವರಿ 11, ಅರಿಜೋನಾದಲ್ಲಿ ಮತ್ತೊಂದು ರಾಷ್ಟ್ರೀಯ ಪ್ರಶಸ್ತಿ ಪಂದ್ಯ. ಅಲಬಾಮಾ ಎದುರು ಕ್ಲೆಮ್ಸನ್. ನೀವು ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದೀರಿ, ಅಲಬಾಮಾ ಸೋಲಲಿ ಎಂಬ ಒಂದೇ ಆಸೆಯಿಂದ. ಕೊನೆಯ ಕ್ವಾರ್ಟರ್. ಗ್ರಿಫಿತ್ 33 ಯಾರ್ಡಿನಿಂದ ಒದ್ದು 24–24 ಮಾಡುತ್ತಾನೆ. ಹೌದು, ಅದೇ ಆಡಮ್ ಗ್ರಿಫಿತ್. ಸೇಬನ್ ಅವನನ್ನು ಕೈಬಿಟ್ಟಿಲ್ಲ. ಇನ್ನು ಚೆಂಡನ್ನು ಉದ್ದಕ್ಕೆ ಒದ್ದು ಕ್ಲೆಮ್ಸನ್ನಿಗೆ ಒಪ್ಪಿಸಬೇಕು, ಅದೇ ಕ್ರಮ. ಆದರೆ ಕ್ಲೆಮ್ಸನ್ ಹುಡುಗರು ಒಂದು ಬದಿಗೆ ಸರಿದು ನಿಂತಿರುವುದನ್ನು ಅಲಬಾಮಾದವರು ನೋಡಿಟ್ಟುಕೊಂಡಿದ್ದಾರೆ. ಸೇಬನ್ ಸನ್ನೆ ಕೊಡುತ್ತಾರೆ. ಗ್ರಿಫಿತ್ ಎಂದಿನ ಹಾಗೆ ಓಡಿಬರುತ್ತಾನೆ, ಕೊನೆಯ ಗಳಿಗೆಯಲ್ಲಿ ಪಾದ ತಿರುಗಿಸಿ ಚೆಂಡನ್ನು ಬಲಕ್ಕೆ, ಖಾಲಿ ಜಾಗದ ಮೇಲಕ್ಕೆ, ಮೆತ್ತಗೆ ಎತ್ತುತ್ತಾನೆ. ಅದು ಇಳಿಯುವ ಜಾಗಕ್ಕೆ ಸರಿಯಾಗಿ ಅಲಬಾಮಾದ ಮಾರ್ಲನ್ ಹಂಫ್ರಿ ಓಡಿ ಬಂದು ಹೆಗಲ ಮೇಲಿನಿಂದ ಹಿಡಿಯುತ್ತಾನೆ. ಚೆಂಡು ಮತ್ತೆ ಅಲಬಾಮಾದ್ದೇ. ಕ್ಯಾಮೆರಾ ಸೇಬನ್ ಕಡೆ ತಿರುಗುತ್ತದೆ. ಎಂದೂ ನಗದ ಮನುಷ್ಯ ನಗುತ್ತಿದ್ದಾರೆ. ಪಂದ್ಯ 45–40ಕ್ಕೆ ಅವರದಾಗುವುದು ಇನ್ನು ಸ್ವಲ್ಪ ಹೊತ್ತಿಗೆ.

ನೀವು ಆಬರ್ನ್ ಕಡೆಯವರು. ಕುರ್ಚಿಯಿಂದ ಎದ್ದು ನಿಂತಿದ್ದೀರಿ, ಗ್ರಿಫಿತ್ ಹೆಸರು ಹಿಡಿದು ಕೂಗುತ್ತಾ ಕೈ ತಟ್ಟುತ್ತಿದ್ದೀರಿ. ಒಳಗಿನಿಂದ ಮನೆಯವರು ಬಂದು ನಿಮ್ಮನ್ನೂ ಟಿ.ವಿ.ಯನ್ನೂ ನೋಡುತ್ತಾರೆ.

"ಅಲಬಾಮಾಗಾ?" ಎಂದು ಕೇಳುತ್ತಾರೆ.

"ಆ ಹುಡುಗನಿಗೆ," ಅನ್ನುತ್ತೀರಿ.